ಒಳಗೆ ಜೇಡ, ಹೊರಗೆ ಪಾಲಿಶ್

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬಿಗೆ,

ನಿನ್ನ ಅತ್ತಿಗೆಯ ನೂರೊಂದು ನೆನಪುಗಳು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಹೋದೆ, ಪೆನ್ನು ಅಲ್ಲೇ ನಿಂತಿತು. ನಿಮ್ಮಣ್ಣ ಚೆನ್ನಾಗಿದ್ದಾರೆ. ಅವರ ಡ್ರೈವಿಂಗ್ ಸ್ಕೂಲಿಗೆ ಹೊಸ ಕಾರು ಬಂದಿದೆ. ಹೊಸದೆಂದರೆ ನಮಗೆ ಹೊಸದು. ಕ್ಷೇಮವಿಲ್ಲದವಳು ನಾನೊಬ್ಬಳೇ. ಕಾಯಿಲೆಯಲ್ಲ, ನಾಚಿಕೆ. ಫೋನಿನಲ್ಲಿ ಹೇಳೋಣವೆಂದರೆ, ನಿನ್ನ ದನಿ ಕೇಳಿದ ಕೂಡಲೇ ತರಕಾರಿ ರೇಟು ಮಾತಾಡಿ ಇಟ್ಟುಬಿಡುತ್ತೇನೆ. ಅದಕ್ಕೇ ಈ ಕಾಗದ.

ಮೊದಲು ನಿನ್ನ ಪುಸ್ತಕದ ಮಾತು. ನೂರು ವರ್ಷದ ಹಿಂದಿನ ಆ ಅಮೆರಿಕದ ಹೆಂಗಸಿನ ಕಾದಂಬರಿಯನ್ನು ನಮ್ಮ ಭಾಷೆಗೆ ತಂದೆಯಲ್ಲ, ಅದನ್ನು ಎಷ್ಟು ಹೆಮ್ಮೆಯಿಂದ ಬಿಚ್ಚಿದೆ ಗೊತ್ತೇ? ಅವಳು ಯಾರನ್ನೂ ನೇರವಾಗಿ ಬೈಯುವುದಿಲ್ಲ, ಅವರು ಕೂರುವ ಕೋಣೆಯನ್ನು ಮಾತ್ರ ಬಣ್ಣಿಸುತ್ತಾಳೆ, ಪರದೆ, ಗಡಿಯಾರ, ಕುರ್ಚಿಗಳೇ ಅವರ ಮಾನ ತೆಗೆಯುತ್ತವೆ ಎಂದು ಮುನ್ನುಡಿಯಲ್ಲಿ ಬರೆದಿದ್ದೀ. ಕಥೆ ಅವಳದಾದರೂ ಮನೆಮಠಗಳನ್ನು ನಮ್ಮ ಕಾಲದವನ್ನಾಗಿ ಮಾಡಿಕೊಂಡಿದ್ದೇನೆ ಎಂದೂ ಬರೆದಿದ್ದೀ. ಆ ಸಾಲನ್ನು ನಾನು ಸರಿಯಾಗಿ ಓದಿಕೊಳ್ಳಬೇಕಿತ್ತು.

ಭಾನುವಾರ ಮಧ್ಯಾಹ್ನ ಅಕ್ಕಪಕ್ಕದವರು ನಮ್ಮಲ್ಲಿ ಸೇರುತ್ತಾರಲ್ಲ, ಎದುರುಮನೆ ನರ್ಸಮ್ಮ, ಟೈಲರ್ ಅಂಗಡಿಯವಳು, ರಿಟೈರಾದ ಹೆಡ್‌ಮಿಸ್ಸು, ಆಚೆ ವಾರ ಅವರ ಮುಂದೆ ಇದು ನನ್ನ ನಾದಿನಿ ಬರೆದದ್ದು ಎಂದು ಗಂಟಲು ಸರಿಮಾಡಿಕೊಂಡು ಓದಿದೆ. ಮೂರನೇ ಅಧ್ಯಾಯದಲ್ಲಿ ಒಬ್ಬ ವ್ಯಾಪಾರಿಯ ಹೆಂಡತಿಯ ನಡುಮನೆ ಬಂತು. ಪ್ಲಾಸ್ಟಿಕ್ ಕವರು ತೆಗೆಯದ ಸೋಫಾ. ಶೋಕೇಸಿನಲ್ಲಿ ಬೆಲೆಚೀಟಿ ಹಾಗೇ ಇರುವ ಆರು ಗಾಜಿನ ಲೋಟ. 'ಅಲ್ಲಿಗೆ ಬಂದವರು ಬಟ್ಟೆಯ ಮೇಲೆ ಕೂರುತ್ತಿರಲಿಲ್ಲ, ಬೆಲೆಯ ಮೇಲೆ ಕೂರುತ್ತಿದ್ದರು' ಎಂಬ ಸಾಲಿಗೆ ನನಗೆ ನಗು ತಡೆಯಲಾಗಲಿಲ್ಲ. ಪುಸ್ತಕವನ್ನು ಎದೆಗೆ ಒತ್ತಿಕೊಂಡು ನಕ್ಕೆ. ನಾನೊಬ್ಬಳೇ ನಗುತ್ತಿದ್ದೇನೆ ಎಂದು ಗೊತ್ತಾಗಲು ತುಸು ಹೊತ್ತು ಹಿಡಿಯಿತು. ಹೆಡ್‌ಮಿಸ್ಸು ತಮ್ಮ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದರು. ನರ್ಸಮ್ಮ ಒಂಚೂರು ಸರಿದು ಕೂತರು, ಅವರ ಕೆಳಗಿನ ಪ್ಲಾಸ್ಟಿಕ್ ಕರಕರ ಎಂದಿತು. ಬಾಯಿಗೆ ಬೀಗವಿಲ್ಲದ ಟೈಲರಮ್ಮ ಶೋಕೇಸಿನ ಕಡೆ ಕತ್ತು ತಿರುಗಿಸಿ, "ಅಕ್ಕಾ, ಆ ಅಮೆರಿಕದೋರು ನಿಮ್ಮನೆಗೆ ಯಾವಾಗ ಬಂದಿದ್ರು?" ಅಂದಳು.

ಅವತ್ತು ಅವರೆಲ್ಲ ಹೋದಮೇಲೆ ನಡುಮನೆಯಲ್ಲಿ ನಿಂತು ಸುತ್ತ ನೋಡಿದೆ. ಇಷ್ಟು ವರ್ಷ ಗುಡಿಸಿ ಒರೆಸಿದ ಕೋಣೆಯೇ ನನಗೆ ಗುರುತು ಸಿಗಲಿಲ್ಲ. ನೀನು ಮದುವೆಗೆ ಮುಂಚೆ ಇದೇ ಸೋಫಾದ ಮೇಲೆ ಕಾಲು ಚಾಚಿ ಓದುತ್ತಿದ್ದೆ. ನಾನು ಕಾಫಿ ತಂದುಕೊಡುವಾಗ ನೀನು ಲೋಟದ ಚೀಟಿ ಎಣಿಸುತ್ತಿದ್ದೆಯೇ? ಅತ್ತುಬಿಟ್ಟೆ. ಪ್ಲಾಸ್ಟಿಕ್ಕನ್ನು ಕತ್ತರಿಯಲ್ಲಿ ಕತ್ತರಿಸಿ ತೆಗೆದೆ. ನಿಮ್ಮಣ್ಣ ಬಂದು ಕೂತವರು ಮತ್ತೆ ಎದ್ದು, "ಇದೇನಿದು, ಮೆತ್ತಗಿದೆ?" ಅಂದರು.

ಇಲ್ಲಿಗೆ ನಿಲ್ಲಿಸಿದ್ದರೆ ತಪ್ಪು ನಿನ್ನದೊಂದೇ ಆಗಿರುತ್ತಿತ್ತು, ನಾನು ಸುಖವಾಗಿ ಮುನಿಸಿಕೊಂಡಿರಬಹುದಿತ್ತು. ಆದರೆ ನಾನು ಅಜ್ಜಿಯ ಮಗ್ಗುಲಲ್ಲಿ ಕಥೆ ಕೇಳಿ ಬೆಳೆದವಳು. ಬಣ್ಣಿಸುವುದೇನು ನಿನಗೂ ಆ ಅಮೆರಿಕದವಳಿಗೂ ಮಾತ್ರ ಬರುತ್ತದೆಯೇ ಎಂದು ಹಟ ಹುಟ್ಟಿತು. ಹೋದ ತಿಂಗಳು ನಿನ್ನ ಮನೆಯಲ್ಲಿ ಎರಡು ದಿನ ಇದ್ದೆನಲ್ಲ. ಮೊನ್ನೆ ಭಾನುವಾರ ಅದೇ ಹೆಂಗಸರ ಮುಂದೆ, ಪುಸ್ತಕ ಗಿಸ್ತಕ ಇಲ್ಲದೆ, ನಿನ್ನ ಮನೆಯನ್ನು ಬಿಚ್ಚಿಟ್ಟೆ.

ನೆಲಕ್ಕೆ ಅಂಟಿಕೊಂಡಂತಿರುವ ನಿನ್ನ ಬೆತ್ತದ ಕುರ್ಚಿಯನ್ನು ಹೇಳಿದೆ; ಅದರಿಂದ ಎದ್ದೇಳಬೇಕಾದರೆ ಇಬ್ಬರು ಬಂದು ಎತ್ತಬೇಕು ಎಂದೆ. ಹಿಡಿಯಿಲ್ಲದ ಕಪ್ಪಿನಲ್ಲಿ ಕೈ ಸುಟ್ಟುಕೊಂಡು ಕುಡಿಯುವ ಹಾಲಿಲ್ಲದ ಕಾಫಿಯನ್ನು ಹೇಳಿದೆ. ಬಾಟಲಿಯಲ್ಲಿ ನಿಲ್ಲಿಸಿದ್ದ ಒಣಕಡ್ಡಿ ಅಲಂಕಾರವೆಂದು ತಿಳಿಯದೆ ನಾನು ಅದಕ್ಕೆ ನೀರು ಹಾಕಿದ್ದನ್ನು ಹೇಳಿದೆ. ಹೆಡ್‌ಮಿಸ್ಸು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನರ್ಸಮ್ಮ ಹೊಟ್ಟೆ ಹಿಡಿದುಕೊಂಡರು. ಗುಬ್ಬೀ, ಅಷ್ಟು ಜನ ನನ್ನ ಮಾತಿಗೆ ನಕ್ಕಿದ್ದು ಹುಟ್ಟಿದ ಮೇಲೆ ಅದೇ ಮೊದಲು. ನಗು ನಿಲ್ಲುವುದು ನನಗೆ ಬೇಡವಾಗಿತ್ತು. ಇನ್ನೇನಿದೆ, ಇನ್ನೇನಿದೆ ಎಂದು ಮನಸ್ಸು ನಿನ್ನ ಮನೆಯನ್ನೆಲ್ಲ ತಡಕಾಡಿ ಬಾಗಿಲಿಗೆ ಬಂತು.

ಬಾಗಿಲ ಬಳಿ ಗಂಡಸಿನ ಒಂದು ಜೊತೆ ಶೂ ಇದೆ ಎಂದೆ. ಮುಖ ನೋಡಿಕೊಳ್ಳುವ ಹಾಗೆ ಮಿಂಚುತ್ತದೆ, ಆದರೆ ನಾನಿದ್ದ ಎರಡು ದಿನವೂ ಅದರೊಳಗೆ ಯಾವ ಕಾಲೂ ಹೋಗಲಿಲ್ಲ. "ಬಗ್ಗಿ ನೋಡಿದ್ರೆ ಒಳಗೆ ಜೇಡ ಬಲೆ ಕಟ್ಟಿದೆ ಕಣ್ರೀ, ಹೊರಗಡೆ ಪಾಲಿಶ್" ಎಂದೆ.

ನಕ್ಕರು. ಆಮೇಲೆ ನರ್ಸಮ್ಮ ನಗುವುದನ್ನು ನಿಲ್ಲಿಸಿ, ನಿಮ್ಮ ನಾದಿನಿಯ ಯಜಮಾನರು ಎಲ್ಲಿದ್ದಾರೆ ಎಂದು ಮೆಲ್ಲಗೆ ಕೇಳಿದರು.

ಟೂರಿನಲ್ಲಿದ್ದಾರೆ ಎಂದೆ. ನೀನು ನನಗೆ ಹೇಳಿದ್ದನ್ನೇ ಹೇಳಿದೆ. ಹೇಳುವಾಗ ನನ್ನ ದನಿ ನನಗೇ ಸುಳ್ಳಾಗಿ ಕೇಳಿಸಿತು. ಟೈಲರಮ್ಮ ಕೂಡ ಸುಮ್ಮನಾದಳು. ಅವಳು ಸುಮ್ಮನಾಗುವುದೆಂದರೆ ಏನೆಂದು ನಿನಗೆ ಗೊತ್ತು. ಅವಳ ತಂಗಿ ಇರುವುದು ನಿನ್ನ ಬೀದಿಯಲ್ಲೇ. ಬೇರೆ ಬಾಯಿಂದ ನಿನ್ನ ಕಿವಿಗೆ ಬೀಳುವ ಮೊದಲು ನಾನೇ ಹೇಳಬೇಕೆಂದು ಬರೆಯುತ್ತಿದ್ದೇನೆ.

ಅದಕ್ಕಿಂತ ನಾಚಿಕೆಗೇಡಿನದು ಇನ್ನೊಂದಿದೆ. ಆ ಜೇಡನ ಬಲೆ ನೋಡಿದ ಕ್ಷಣವೇ ನನಗೆ ಎಲ್ಲ ಅರ್ಥವಾಗಿತ್ತು. ನಿನ್ನ ಯಜಮಾನರು ಮನೆ ಬಿಟ್ಟು ಹೋಗಿ ಬಹಳ ದಿನವಾಗಿದೆ, ಬಂದುಹೋಗುವವರ ಕಣ್ಣಿಗೆಂದು ನೀನು ಆ ಶೂಗೆ ಪಾಲಿಶ್ ಹಾಕುತ್ತಿದ್ದೀ ಎಂದು. ಒಳಗೆ ಬಂದು ನಿನ್ನ ಪಕ್ಕ ಕೂತು, ಏನಾಯಿತೇ ಎಂದು ಕೇಳಬೇಕಿತ್ತು. ಕೇಳಲಿಲ್ಲ. ನೋಡಿ ಇಟ್ಟುಕೊಂಡು ಬಂದೆ. ನೀನು ನನ್ನ ಸೋಫಾ ನೋಡಿಟ್ಟುಕೊಂಡೆ, ನಾನು ನಿನ್ನ ದುಃಖವನ್ನೇ ನೋಡಿಟ್ಟುಕೊಂಡೆ. ನನ್ನದು ಪ್ಲಾಸ್ಟಿಕ್, ಕತ್ತರಿಸಿದರೆ ಹೋಯಿತು.

ನಿಮ್ಮಣ್ಣ ಅವತ್ತು ಒಳಕೋಣೆಯಲ್ಲಿ ಮಲಗಿದ್ದಾರೆ ಎಂದುಕೊಂಡಿದ್ದೆ. ಮಲಗಿರಲಿಲ್ಲ. ಹೆಂಗಸರು ಹೋದಮೇಲೆ ಹೊರಗೆ ಬಂದು, ಆ ಶೂ ವಿಷಯ ನಿಜವೇ ಎಂದು ಕೇಳಿದರು. ಇಲ್ಲಪ್ಪ, ಕಥೆಗೆ ಒಂದಿಷ್ಟು ಉಪ್ಪುಖಾರ ಹಾಕಿದೆ ಎಂದೆ.

"ಜೇಡಾನೂ ನೀನೇ ಹಾಕಿದ್ದಾ?"

"ಹೂಂ, ಜೇಡಾನೂ."

ಮತ್ತೆ ಕೇಳಲಿಲ್ಲ. ನಿನಗೆ ಗೊತ್ತಲ್ಲ, ಇಡೀ ಆಯುಸ್ಸು ಕಲಿಯುವವರ ಪಕ್ಕದಲ್ಲಿ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಕೂತ ಮನುಷ್ಯ. ಒತ್ತುವುದು ಯಾವಾಗ ಎಂದು ಹೇಳುವುದಿಲ್ಲ.

ಈಗ ನಿನ್ನ ಕೈಯಲ್ಲಿದೆ. ಅಣ್ಣನಿಗೆ ಹೇಳಬೇಕೆನಿಸಿದರೆ ಹೇಳು, ನಾನು ಪಕ್ಕದಲ್ಲಿರುತ್ತೇನೆ. ಬೇಡವೆನಿಸಿದರೆ ಜೇಡ ನನ್ನದೇ ಆಗಿರಲಿ, ಸುಳ್ಳುಗಾತಿ ಎನ್ನಿಸಿಕೊಂಡು ಇದ್ದುಬಿಡುತ್ತೇನೆ. ಬರುವ ತಿಂಗಳು ಈ ಪುಸ್ತಕಕ್ಕೆ ನಿನಗೆ ಬಹುಮಾನ ಕೊಡುವ ಸಭೆಯಲ್ಲಿ ಮೊದಲ ಸಾಲಿನಲ್ಲಿ ಕೂರಬೇಕೆಂದು ನೀನು ನನ್ನನ್ನು ಕರೆದಿದ್ದೆ. ಈಗ ನನ್ನ ಮುಖ ನೋಡಲು ನಿನಗೆ ಮನಸ್ಸಿದೆಯೋ ಇಲ್ಲವೋ, ಬರೆ. ಬಯ್ದಾದರೂ ಬರೆ. ಆ ಮೂರನೇ ಅಧ್ಯಾಯ ಮಾತ್ರ ಬಹಳ ಚೆನ್ನಾಗಿದೆ, ಅದನ್ನು ಹೇಳದೆ ಹೋದರೆ ಇನ್ನೊಂದು ಸುಳ್ಳಾಗುತ್ತದೆ.

ತಲೆ ಎತ್ತಲಾರದೆ,
ನಿನ್ನ ಅತ್ತಿಗೆ

ಮರೆತ ಮಾತು, ಗುರುವಾರ: ಕಾಗದ ಹಾಕಲು ಧೈರ್ಯ ಸಾಲದೆ ಎರಡು ದಿನ ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೆ. ಈ ಎರಡು ದಿನದಲ್ಲಿ ನಿಮ್ಮಣ್ಣ ಹಿಂದಿನ ಕೋಣೆ ಖಾಲಿ ಮಾಡಿದ್ದಾರೆ. ಹಳೇ ಟೈರು, ಡ್ರೈವಿಂಗ್ ಸ್ಕೂಲಿನ ಬೋರ್ಡು, ತುಕ್ಕು ಹಿಡಿದ ಜಾಕು ಎಲ್ಲ ಅಂಗಳಕ್ಕೆ ಬಂದಿವೆ. ಗೋಡೆಗೆ ಬಿಳಿ ಬಣ್ಣ ಬಿದ್ದಿದೆ. ಮಂಚವನ್ನು ಕಿಟಕಿಯ ಕಡೆ ಎಳೆದಿದ್ದಾರೆ, ಅಲುಗುವ ಮೇಜಿನ ಕಾಲಿಗೆ ರಟ್ಟು ಕೊಟ್ಟಿದ್ದಾರೆ, ಓದುವ ದೀಪ ಒಂದು ತಂದಿದ್ದಾರೆ. ಅಟ್ಟದ ಮೇಲಿದ್ದ ನಿನ್ನ ದಪ್ಪ ನಿಘಂಟನ್ನು ಇಳಿಸಿ, ಧೂಳು ಕೊಡವಿ, ಆ ಮೇಜಿನ ಮೇಲಿಟ್ಟಿದ್ದಾರೆ. ಬಾಗಿಲಿಗೆ ಒಳಗಿನಿಂದ ಹಾಕಿಕೊಳ್ಳುವ ಹಾಗೆ ಹೊಸ ಚಿಲಕ ಬಡಿದಿದ್ದಾರೆ. ಯಾಕೆ ಇದೆಲ್ಲ ಎಂದು ಕೇಳಿದೆ. ಬಾಡಿಗೆಗೆ ಕೊಡೋಣ ಅಂತ, ಅಂದರು. ನಾನೂ ಹೂಂ ಅಂದೆ.