ಜಾಲರಿ ಮುಚ್ಚಬೇಡಿರಿ

ಶೈಲಾನ ಅಪ್ಪಾ ಅವರಿಗೆ,

ಟಿವಿಯಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯುವುದು ಸೆಟ್‌ಟಾಪ್ ಡಬ್ಬಿಯ ತಪ್ಪಲ್ಲ. ನೀವೇ ಕಿಟಕಿಗೆ ಹಾಕಿಸಿದ ಸೊಳ್ಳೆಯ ತಂತಿಜಾಲರಿ ಒಳಗಿಟ್ಟ ಅಂಟೆನಾಕ್ಕೆ ಅಡ್ಡ ಬರುತ್ತಿತ್ತು. ಎಂಟು ದಿನ ತೆರೆದು, ಮುಚ್ಚಿ ನೋಡಿದ್ದೇನೆ. ಇವತ್ತು ತೆರೆದಿಟ್ಟಿದ್ದೇನೆ. ಸೊಳ್ಳೆ ಕಚ್ಚಿದರೆ ಕಚ್ಚಲಿ, ಮುಚ್ಚಬೇಡಿರಿ. ಅಂಟೆನಾ ತಿರುವಲು ಹೋಗಬೇಡಿರಿ.

ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೊಳ್ಳಿರಿ.

ಇವತ್ತು ನಾಲ್ಕು ಗಂಟೆಗೆ ಬಸ್ ಓಡಿಸುವ ಹೆಂಗಸರನ್ನು ಟಿವಿಯಲ್ಲಿ ಮಾತಾಡಿಸುತ್ತಾರೆ. ನಮ್ಮ ಶೈಲಾನೂ ಇದ್ದಾಳೆ. ಸಯನ್ ಸ್ಟೇಷನ್ನಿನಿಂದ ಅವಳ ಜೊತೆ ಟಿವಿಯವರಲ್ಲಿಗೆ ನಾನೂ ಹೋಗುತ್ತೇನೆ. ಅವಳು ಸ್ಟೀರಿಂಗ್ ಹಿಡಿದಂದಿನಿಂದ ನೀವು ಅವಳ ಜೊತೆ ಮಾತು ಬಿಟ್ಟಿದ್ದೀರಿ. ಮಾತಾಡಿರೆಂದು ನಾನು ಹೇಳುವುದಿಲ್ಲ.

ನಿನ್ನೆ ಫೋನಿನಲ್ಲಿ, "ಅಪ್ಪಾ ನೋಡ್ತಾನೇನವ್ವಾ?" ಎಂದು ಕೇಳಿದಳು. "ನಮ್ಮ ಟಿವಿ ಕೆಟ್ಟೈತವ್ವಾ" ಎಂದು ಜಾರಿಕೊಂಡೆ. ಇವತ್ತು ಮತ್ತೆ ಕೇಳಿದರೆ ಹಾಗೆ ಹೇಳಲು ನನಗೆ ಬರುವುದಿಲ್ಲ.

ಮಲ್ಲಕ್ಕ