ಓರಗಿತ್ತಿಯ ಪಾಠ

ಮಾರ್ಚ್ ೧೨, ಬುಧವಾರ

ರಾಜ್ಯದ ಇತಿಹಾಸ ಪುಸ್ತಕಕ್ಕೆ ಗಿರಣಿ ಮುಷ್ಕರದ ಪಾಠ ಸೇರಿಸುತ್ತಾರಂತೆ. ಪಾಠ ಆರಿಸುವ ಸಮಿತಿಯಲ್ಲಿ ನನ್ನ ಸೊಸೆಯೇ ಇದ್ದಾಳೆ. ಆದರೆ ಪಾಠದಲ್ಲಿ ಬರುವುದು ಯಾರು? ನನ್ನ ಓರಗಿತ್ತಿ! ಗಿರಣಿಯ ಗೇಟಿಗೆ ಅಡ್ಡ ಮಲಗಿದ್ದು ನಾವಿಬ್ಬರೂ. ಇವತ್ತು ನಮ್ಮ ನಡುಮನೆಯಲ್ಲೇ, ಸಮಿತಿಯವರ ಮುಂದೆ, ಅವಳು ಬಾಯಿ ತುಂಬ "ನಾನು, ನಾನು" ಎಂದಳು. ನಾನು ಚಹಾ ಹಂಚುತ್ತಿದ್ದೆ.

"ಅತ್ತೆ, ನೀವೂ ಅಲ್ಲಿದ್ರಾ?" ಎಂದಳು ಸೊಸೆ.

ಇಷ್ಟು ವರ್ಷ ಒಂದೇ ಸೂರಿನಡಿ ಇದ್ದವಳಿಗೆ ಅಷ್ಟೂ ಗೊತ್ತಿರಬೇಡವೇ?

"ನನಗೆಲ್ಲಿ ಪುರುಸೊತ್ತಿತ್ತಮ್ಮ, ಮನೆ ತುಂಬಾ ಕೆಲಸ" ಎಂದುಬಿಟ್ಟೆ. ಓರಗಿತ್ತಿ ಚಹಾ ಕುಡಿದು ಲೋಟ ನನ್ನ ಕೈಗಿತ್ತಳು.

ಬರುವ ವರ್ಷ ಮೊಮ್ಮಗಳು ಆ ಪಾಠವನ್ನು ಬಾಯಿಪಾಠ ಮಾಡುತ್ತಾಳೆ. ದಿನಾ ಸಂಜೆ ಅವಳಿಂದ ಪಾಠ ಒಪ್ಪಿಸಿಕೊಳ್ಳುವವಳು ನಾನೇ. ಒಂದಕ್ಷರ ತಪ್ಪಿದರೂ ತಿದ್ದಬೇಕಾದವಳೂ ನಾನೇ.