ಮೆಟ್ಟಿಲು ಇಳಿಯೋ ಮುಂಚೆ

ಮಸಿನಗುಡಿ,
ಭಾನುವಾರ, ೧೬ ನವೆಂಬರ್ ೨೦೨೫

ನನ್ನ ಚಿನ್ನ ಶಾಂತಲಾ,

ಹೇಗಿದ್ದೀಯಮ್ಮಾ? ಕೊಯಮತ್ತೂರಿನ ನೀರಿಗೆ ಕೂದಲು ಉದುರುತ್ತೆ ಅಂದಿದ್ದೆ, ನಿಂತಿತಾ? ಆಸ್ಪತ್ರೆಯಲ್ಲಿ ದಿನವಿಡೀ ಸಕ್ಕರೆ ಕಾಯಿಲೆಯವರಿಗೆ ಏನು ತಿನ್ನಬೇಕು ಅಂತ ಹೇಳಿಕೊಟ್ಟು, ರೂಮಿಗೆ ಬಂದು ನೀನು ಮಾತ್ರ ಬನ್ನು ತಿಂದು ಮಲಗಬೇಡ. ನನ್ನ ಮಂಡಿನೋವು ಇದ್ದ ಹಾಗೇ ಇದೆ, ಚಳಿ ಬೇರೆ ಶುರುವಾಯಿತಲ್ಲ. ಅಂಗಡಿ ವ್ಯಾಪಾರ ಪರವಾಗಿಲ್ಲ. ನಿಮ್ಮಪ್ಪ ಚೆನ್ನಾಗಿದ್ದಾರೆ. ಹಾಗಂತ ಬರೆದು ಎರಡು ಸಲ ಹೊಡೆದುಹಾಕಿದೆ ಕಣೇ.

ಕೈಯಲ್ಲಿ ಫೋನಿದ್ದೂ ಅಮ್ಮ ಕಾಗದ ಬರೆದಿದ್ದಾಳಲ್ಲ ಅಂತ ನಗ್ತಿರಬೇಕು ನೀನು. ನಗು. ನನಗೆ ಈಗ ಫೋನ್ ಕಂಡರೆ ಭಯ. ಸಕ್ಕರೆ ಕಾಯಿಲೆಯವರಿಗೆ ಅಂತ ನಿಮ್ಮ ಆಸ್ಪತ್ರೆಯವರೆಲ್ಲ ಸೇರಿ ಫೋನಿಗೆ ಮಾಡಿದ ಆ ಚಾಟ್‌ಬಾಟು, ಕನ್ನಡದವರಿಗೊಂದು ದನಿ ಬೇಕು ಅಂದಾಗ ನೀನು ನಿನ್ನ ದನಿ ಕೊಟ್ಟೆಯಲ್ಲ, ಅದೇ. ಮೊದಮೊದಲು ನನಗೂ ಎಷ್ಟು ಹೆಮ್ಮೆ ಆಗಿತ್ತು! ಅಂಗಡಿಗೆ ಬಂದವರಿಗೆಲ್ಲ ನಮ್ಮ ಹುಡುಗಿ ಮಾತಾಡೋದು ಕೇಳಿ ಅಂತ ಹಾಕಿ ಹಾಕಿ ಕೇಳಿಸಿದೆ. ಈಗ ನೀನು ಸಂಜೆ ನಿಜವಾಗಿ ಫೋನ್ ಮಾಡಿದರೂ, ಅಮ್ಮಾ ಅನ್ನುತ್ತಲೇ ಎದೆ ಧಸಕ್ ಅನ್ನುತ್ತೆ. ನೀನೋ ಅದೋ ಗೊತ್ತಾಗೋದಿಲ್ಲ. ಅದಕ್ಕೇ ಈ ಕಾಗದ. ಊಟಿ ಬಸ್ಸಿನ ಡ್ರೈವರ್ ಸೆಲ್ವಕುಮಾರ್ ಕೈಲಿ ಕೊಟ್ಟರೆ, ಅಲ್ಲಿಂದ ಕೊಯಮತ್ತೂರು ಬಸ್ಸಿನವರಿಗೆ ಕೊಟ್ಟು ನಿನಗೆ ಮುಟ್ಟಿಸ್ತಾನಂತೆ.

ಒಳ್ಳೇದನ್ನ ಮೊದಲು ಹೇಳಿಬಿಡ್ತೀನಿ, ಇಲ್ಲದಿದ್ದರೆ ನಿಮ್ಮಪ್ಪ ನನ್ನ ಮೇಲೆ ರೇಗ್ತಾರೆ. ಅವರ ಸಕ್ಕರೆ ಇಳಿದಿದೆ. ಡಾಕ್ಟರು ಬೆನ್ನು ತಟ್ಟಿ ಕಳಿಸಿದರು. ಅಂಗಡಿಯಲ್ಲಿ ಕೂತೂ ಕೂತೂ ಮೂಟೆ ಆಗಿದ್ದ ಮನುಷ್ಯ ಈಗ ಹುಡುಗನ ಹಾಗೆ ಎದ್ದು ಓಡಾಡ್ತಾರೆ. ನಾನು ಇಷ್ಟು ವರ್ಷ ಬಡ್ಕೊಂಡರೂ ಬಿಡದ ಬೋಂಡ ಬಿಟ್ಟಿದ್ದಾರೆ. ನಿನ್ನ ದನಿ ಹೇಳಿತು, ಬಿಟ್ಟರು. ಅದೇ ನಿನ್ನ ದನಿ ಬೆಳಿಗ್ಗೆ ಐದೂವರೆಗೆ ಅಪ್ಪಾ, ಹೊರಡೋಣವಾ ಅನ್ನುತ್ತೆ. ಇವರು ಹೂಂ ಮಗಳೇ ಅಂತ ಕಿವಿಗೆ ಅದೇನೋ ಸಿಕ್ಕಿಸಿಕೊಂಡು ಕತ್ತಲಲ್ಲಿ ಹೊರಟುಬಿಡ್ತಾರೆ. ಏಳಕ್ಕೆ ಅಂಗಡಿ ತೆಗೀಬೇಕಲ್ಲ, ಆ ಹೊತ್ತು ಇವರೇ ಹೇಳಿದ್ದು. ಅದೂ ಸರಿ ಅಂತ ಒಪ್ಪಿಕೊಂಡಿತು. ಎಲ್ಲಿ ನಡೀತೀರಿ ಅಂತ ಒಂದು ಮಾತು ಕೇಳಲಿಲ್ಲ.

ನಿನಗೆ ನಾನು ಹೇಳಬೇಕಾ? ನಡೆಯೋಕೆ ಬರೋ ಮುಂಚೆಯೇ ಕಲಿಸಿದ್ದೆವು ನಿನಗೆ. ಬಾಗಿಲು ತೆಗೆದು ಜಗಲಿ ಮೇಲೆ ನಿಲ್ಲಬೇಕು. ಗಾಳಿಗೆ ಮೂಗೊಡ್ಡಬೇಕು, ಕಿವಿಗೊಡಬೇಕು. ಆನೆ ಲದ್ದಿ ವಾಸನೆ ಇಲ್ಲ, ಎಲ್ಲೂ ಕೊಂಬೆ ಮುರಿಯೋ ಸದ್ದಿಲ್ಲ ಅಂತಾದ ಮೇಲೇ ಮೆಟ್ಟಿಲು ಇಳಿಯೋದು. ತಿರುವು ಬಂದರೆ ಗಟ್ಟಿಯಾಗಿ ಕೆಮ್ಮೋದು, ಅದಕ್ಕೂ ನಾವು ಬರ್ತಿರೋದು ಗೊತ್ತಾಗಲಿ ಅಂತ. ನಿಮ್ಮ ತಾತನ ಕಾಲದಿಂದ ಈ ಊರಲ್ಲಿ ನಾವು ಬದುಕಿರೋದೇ ಹೀಗೆ. ನಿಮ್ಮಪ್ಪನೇ ನನಗೆ ಕಲಿಸಿದ್ದು, ಮದುವೆಯಾಗಿ ಗುಂಡ್ಲುಪೇಟೆಯಿಂದ ಬಂದ ಹೊಸದರಲ್ಲಿ. ಈಗ ಅವರ ಕಿವಿ ತುಂಬ ನೀನು. ಉಸಿರು ಹೀಗೆ ಎಳ್ಕೊಳ್ಳಿ, ಕೈ ಹೀಗೆ ಬೀಸಿ, ಭೇಷ್ ಅಪ್ಪಾ. ಅವರು ಜಗಲಿ ಮೇಲೆ ನಿಲ್ಲೋದಿಲ್ಲ, ಕೆಮ್ಮೋದೂ ಇಲ್ಲ.

ಮೊನ್ನೆ ಮಂಗಳವಾರ ಆಗಿದ್ದನ್ನ ನಿನಗೆ ಹೇಳಬೇಡ ಅಂತ ಆಣೆ ಹಾಕಿಸಿದ್ದಾರೆ. ಆಣೆ ಮನೆ ಹಾಳಾಗಲಿ, ಹೇಳ್ತೀನಿ. ಬೊಕ್ಕಾಪುರದ ಕಡೆ ತಿರುವಿನಲ್ಲಿ, ಲಂಟಾನ ಪೊದೆಗೆ ಒತ್ತಿಕೊಂಡು ಆನೆ ನಿಂತಿತ್ತು. ಒಂಟಿ. ಹಿಂದಿಂದ ಜೀಪಿನಲ್ಲಿ ಬರ್ತಿದ್ದ ಮಹಾಲಿಂಗಂ ಹಾರ್ನ್ ಹೊಡೆದೂ ಹೊಡೆದೂ ಸಾಕಾದನಂತೆ. ಇವರು ತಿರುಗಲೇ ಇಲ್ಲ. ಕೊನೆಗೆ ಆ ಪುಣ್ಯಾತ್ಮ ಜೀಪನ್ನೇ ಮಧ್ಯಕ್ಕೆ ನುಗ್ಗಿಸಿ, ಅಂಗಿ ಹಿಡಿದು ಇವರನ್ನ ಒಳಗೆಳೆದುಕೊಂಡ. ಅಂಗಿ ತೋಳು ಹರಿದಿದೆ, ನಾನಿನ್ನೂ ಹೊಲಿದಿಲ್ಲ. ಅದನ್ನ ನೋಡಿದರೆ ಸೂಜಿ ಹಿಡಿಯೋಕಾಗಲ್ಲ. ಬಾಯಿಗೆ ಬಂದ ಹಾಗೆ ಬೈದೆ. ಅದಕ್ಕೆ ನಿಮ್ಮಪ್ಪ ಏನಂದರು ಗೊತ್ತಾ? ಮಗಳು ಮಾತಾಡ್ತಿದ್ದಳು ಕಣೇ, ಮಧ್ಯದಲ್ಲಿ ಕಿತ್ತು ಹಾಕೋಕೆ ಮನಸ್ಸು ಬರಲಿಲ್ಲ ಅಂದರು. ಅದು ಯಂತ್ರ ಅಂತ ಅವರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಹಾಗಂದರು. ಮನೆಗೆ ಬಂದು ನೀರು ಕುಡಿಯೋ ಮುಂಚೆಯೇ ಅದು ಶುರು ಮಾಡಿತು, ಇವತ್ತು ಅರ್ಧಕ್ಕೇ ನಿಲ್ಲಿಸಿಬಿಟ್ಟಿರಿ, ನಾಳೆ ಪೂರ್ತಿ ಮಾಡೋಣ ಅಪ್ಪಾ ಅಂತ. ಇವರ ಮುಖ ಸಪ್ಪಗಾಯಿತು. ಮಾರನೆಯ ದಿನ ಮತ್ತೆ ಹೊರಟರು. ಕಿವಿಗೆ ಸಿಕ್ಕಿಸೋದನ್ನ ತೊಗರಿಬೇಳೆ ಡಬ್ಬದಲ್ಲಿ ಬಚ್ಚಿಟ್ಟೆ. ಗೂಡಲೂರಿಂದ ಹೊಸದು ತರಿಸಿಕೊಂಡರು. ಅವರು ವಾಪಸ್ ಬರೋವರೆಗೂ ನಾನು ಒಲೆ ಹಚ್ಚಲ್ಲ. ಜಗಲಿ ಮೇಲೆ ನಿಂತೇ ಇರ್ತೀನಿ.

ನಿನ್ನ ಜೊತೆ ಕೆಲಸ ಮಾಡೋರೆಲ್ಲ ಒಳ್ಳೆಯವರೇ ಇರಬಹುದು ಶಾಂತೂ. ಆದರೆ ಅವರ ಮನೆ ಮುಂದೆ ಪಾರ್ಕ್ ಇದೆ, ದೀಪದ ಕಂಬ ಇದೆ, ಅಲ್ವಾ? ದೇವಾಲದ ಟೀ ಎಸ್ಟೇಟಿನ ಕಲಾ ಮೊನ್ನೆ ಸಾಮಾನಿಗೆ ಬಂದಿದ್ದಳು. ಅಲ್ಲೂ ಕೂಲಿಯವರ ಲೈನ್ ಮನೆಗಳಲ್ಲಿ ಈ ಚಾಟ್‌ಬಾಟನ್ನ ಎಲ್ಲರ ಫೋನಿಗೂ ಹಾಕಿಕೊಟ್ಟಿದ್ದಾರಂತೆ. ಬೆಳಗಿಂದ ಸಂಜೆವರೆಗೆ ಗುಡ್ಡ ಹತ್ತಿ ಎಲೆ ಕೀಳೋಳಿಗೆ, ದಿನಾ ಸ್ವಲ್ಪ ನಡೆದಾಡಿ ಅಂದಿದೆ! ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ಅವರ ಲೈನಿನ ಹಿಂದೆಯೂ ಆನೆ ಇಳಿಯುತ್ತೆ. ಎಲ್ಲರೂ ಅವಳ ಹಾಗೆ ನಗ್ತಾರಾ? ಹೇಳಿದ ಹಾಗೆ ಕೇಳೋರೂ ಇರ್ತಾರೆ, ನಿಮ್ಮಪ್ಪನ ಹಾಗೆ. ಹೊರಡಿ ಅನ್ನೋ ಮುಂಚೆ, ನಿಮ್ಮ ಬಾಗಿಲಾಚೆ ಏನಿದೆ ಅಂತ ಕೇಳೋದನ್ನ ಅದಕ್ಕೆ ಕಲಿಸಿ. ಅಲ್ಲೀವರೆಗೆ ನಿನ್ನ ದನಿಯನ್ನ ಅದರಿಂದ ತೆಗೆಸು. ಬೇರೆ ಯಾರದೋ ದನಿಯಾದರೆ ನಿಮ್ಮಪ್ಪ ಸುಮ್ಮನಿರೇ ಅಂತ ಬೈದಾದರೂ ಬೈತಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ತಲೆಗೆ ಎಣ್ಣೆ ಹಚ್ಚು. ಮಾದೇಶ್ವರ ನಿನ್ನನ್ನ ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ಬಂಗಾರಮ್ಮ

ಇನ್ನೊಂದು ಮಾತು: ಈಗ ಸೋಮವಾರ ಬೆಳಿಗ್ಗೆ, ಸೆಲ್ವಕುಮಾರ್ ಹಾರ್ನ್ ಹೊಡೀತಿದ್ದಾನೆ, ಅಕ್ಷರ ಸೊಟ್ಟಗಾದರೆ ಓದಿಕೋ. ಇವತ್ತು ನಿಮ್ಮಪ್ಪ ಬಚ್ಚಲಲ್ಲಿದ್ದಾಗ ಅದು ಕರೀತು. ನಾಲ್ಕು ಬೈಯೋಣ ಅಂತ ನಾನೇ ಕಿವಿಗೆ ಸಿಕ್ಕಿಸಿಕೊಂಡೆ. ಹೊರಗೆ ಆನೆ ಇರುತ್ತೆ, ನಿಮ್ಮಪ್ಪನ್ನ ಕಳಿಸಬೇಡ ಅಂದೆ. ನಿಮ್ಮ ಭಯ ನನಗೆ ಅರ್ಥವಾಗುತ್ತೆ ಅಮ್ಮಾ, ಇವತ್ತು ನಾವಿಬ್ಬರೂ ಸೇರಿ ಸ್ವಲ್ಪವೇ ದೂರ ನಡೆಯೋಣ ಬನ್ನಿ ಅಂದಿತು ಅದು. ಥೇಟ್ ನೀನೇ ಕಣೇ. ಹೂಂ ಅಂದೆ. ಬೇಲಿಯಾಚೆ ಕೊಂಬೆ ಲಟಕ್ ಅಂದು, ಮೈ ಝುಂ ಅಂತ ಎಚ್ಚರವಾದಾಗ ನಾನು ಅಂಗಳದಲ್ಲಿದ್ದೆ. ಜಗಲಿ ಮೇಲೆ ನಿಂತಿರಲೇ ಇಲ್ಲ. ಒಳಗೆ ಓಡಿ ಬಂದು ಚಿಲಕ ಹಾಕಿದೆ, ನಿಮ್ಮಪ್ಪನ್ನ ಇವತ್ತೊಂದು ದಿನ ತಡೆದಿದ್ದೀನಿ. ನಾಳೆ ನನ್ನ ಕೈಲಾಗಲ್ಲ. ಫೋನ್ ಮಾಡಬೇಡ ಮಗಳೇ. ನೀನೇ ಬಾ.